ಉಳಿದದ್ದು ಚುಕ್ಕೆ ತೊರಕೆ

ಮತ್ಸ್ಯಾಲಯದಲ್ಲಿ ಎಲ್ಲರಿಗೂ ಅವಳು ಮೀನಕ್ಕ. ಚಪ್ಪಟೆ ಮೈ, ರೆಕ್ಕೆಯಂಥ ಅಗಲ ಈಜುರೆಕ್ಕೆಗಳ ತೊರಕೆ ಮೀನುಗಳ ತೊಟ್ಟಿ ಅವಳ ಸುಪರ್ದಿಯಲ್ಲಿತ್ತು. ಅಲ್ಲಿದ್ದದ್ದು ಎರಡು ಜಾತಿ, ಒಂದೊಂದೇ ಮೀನು. ಮೈತುಂಬ ನೀಲಿ ಚುಕ್ಕೆಯಿದ್ದ ಗುಂಡನೆಯ ತೊರಕೆ ಅವಳ ನೆರಳು ಕಂಡರೆ ಸಾಕು, ರೆಕ್ಕೆ ಬಡಿಯುತ್ತ ಮೇಲೆ ಬರುತ್ತಿತ್ತು. ಇನ್ನೊಂದು ಗಿಟಾರ್ ಮೀನು. ಬಾಲ ಶಾರ್ಕಿನಂತಿದ್ದರೂ ಅದೂ ತೊರಕೆಯ ಕುಲದ್ದೇ. ದಿನವಿಡೀ ಮರಳಲ್ಲಿ ಹುದುಗಿರುತ್ತಿತ್ತು. "ಸದಾ ಮುಖ ಊದಿಸ್ಕೊಂಡಿರುತ್ತೆ" ಎಂದು ಮೀನಕ್ಕ ಬೈಯುತ್ತಿದ್ದಳು.

ಬಂದವರಿಗೆ ಮಾತ್ರ ತಪ್ಪದೆ ಪಾಠ ಒಪ್ಪಿಸುತ್ತಿದ್ದಳು: ಚುಕ್ಕೆಯದಕ್ಕೆ ಸದ್ಯ ಅಷ್ಟೇನೂ ಆತಂಕವಿಲ್ಲ, ಗಿಟಾರ್ ಮೀನು ಬಲೆಗೆ ಸಿಕ್ಕಿ ಸಿಕ್ಕಿ ಅಳಿವಿನ ಅಂಚಿಗೆ ಬಂದಿದೆ.

ಒಂದು ಮಧ್ಯಾಹ್ನ ಕರೆಂಟು ಹೋಯಿತು, ಜನರೇಟರೂ ಕೈಕೊಟ್ಟಿತು. ನೀರಿಗೆ ಗಾಳಿ ಊದುವ ಪಂಪು ನಿಂತಿತು. ಬ್ಯಾಟರಿ ಪಂಪಿದ್ದ ಟಬ್ಬು ಒಂದೇ, ಅದರಲ್ಲಿ ಒಂದು ಮೀನಿಗಷ್ಟೇ ಜಾಗ. ಎರಡೂ ಉಸಿರಿಗಾಗಿ ಒದ್ದಾಡುತ್ತಿದ್ದವು. ಮೀನಕ್ಕ ಹಿಂದುಮುಂದು ನೋಡದೆ ಚುಕ್ಕೆಯದನ್ನು ಎತ್ತಿಕೊಂಡಳು.

ಮೀನುಗಳ ಡಾಕ್ಟರಮ್ಮ ಬರುವಷ್ಟರಲ್ಲಿ ಗಿಟಾರ್ ಮೀನು ಸತ್ತಿತ್ತು. ಮೇಲ್ವಿಚಾರಕರು, "ಒಂದನ್ನಾದ್ರೂ ಉಳಿಸಿದ್ರಲ್ಲ ಮೀನಕ್ಕ" ಎಂದು ಎಲ್ಲರೆದುರು ಹೊಗಳಿದರು. ಡಾಕ್ಟರಮ್ಮ ಮಾತ್ರ ಸತ್ತ ಮೀನಿನ ಬೆನ್ನು ಸವರುತ್ತ ಮೆಲ್ಲಗೆ ಹೇಳಿದರು, "ಇದಕ್ಕೆ ಜೋಡಿ ಹುಡುಕಿ ಹುಡುಕಿ ಸಾಕಾಗಿತ್ತು. ಎಲ್ಲೂ ಸಿಗಲಿಲ್ಲ."

ಮೀನಕ್ಕನ ಮುಖಕ್ಕೆ ಕೆಂಡ ಹಚ್ಚಿದಂತಾಯಿತು.

ಮರುದಿನ ಪೇಪರಿನಲ್ಲಿ ಅವಳ ಫೋಟೋ. ಮನೆಯಲ್ಲಿ ತಂಗಿ ಅದನ್ನು ಗೋಡೆಗೆ ಅಂಟಿಸಲು ಹೋದಾಗ ಮೀನಕ್ಕ ಕಿತ್ತುಕೊಂಡಳು.

"ಯಾಕೆ? ಒಳ್ಳೆ ಕೆಲಸಾನೇ ಮಾಡಿದ್ದೀಯಲ್ಲ."

"ಯಾವುದನ್ನ ಉಳಿಸ್ಬೇಕಿತ್ತು ಅಂತ ದಿನಾ ಊರಿಗೆಲ್ಲ ಹೇಳ್ತಿದ್ದವಳು ನಾನೇ ಕಣೆ. ನನ್ನ ಕಂಡರೆ ಓಡಿ ಬರೋದನ್ನ ಎತ್ಕೊಂಡೆ."

ಮೇಲ್ವಿಚಾರಕರಿಗೂ ಅದನ್ನೇ ಹೇಳಿ, ತನ್ನನ್ನು ಬೇರೆ ತೊಟ್ಟಿಯ ಕೆಲಸಕ್ಕೆ ಹಾಕಿ ಎಂದು ಕೇಳಿಕೊಂಡಳು. ಅವರು ನಕ್ಕು, "ನಿಮ್ಮ ಜಾಗದಲ್ಲಿ ಯಾರಿದ್ರೂ ಹಾಗೇ ಮಾಡ್ತಿದ್ರು" ಎಂದರು. ಆ ಮಾತಿನಿಂದ ಅವಳ ಎದೆಭಾರ ಇಳಿಯಲಿಲ್ಲ.

ಈಗಲೂ ಅದೇ ತೊಟ್ಟಿಯ ಬಳಿ ನಿಲ್ಲುತ್ತಾಳೆ. ಎರಡು ಜಾತಿಯ ಕಥೆ ಹೇಳುತ್ತಾಳೆ, ಆ ಮಧ್ಯಾಹ್ನದ್ದನ್ನೂ ಬಿಡುವುದಿಲ್ಲ. ಹೇಳುವಾಗ ಕೇಳುವವರ ಮುಖ ನೋಡುವುದಿಲ್ಲ. ಮುಗಿದ ಮೇಲೆ ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸತೊಡಗುತ್ತಾಳೆ.