ಮೊಸರಾಗದ ಹಾಲು

ಹೆಪ್ಪು ಹಾಕುವ ಮುನ್ನ ಸೊಸೆ ಹಾಲಿಗೆ ಬೆರಳಿಟ್ಟು ಬಿಸಿ ನೋಡಿದಾಗ ಕೆರಗೋಡಿನ ನಮ್ಮ ಅಡುಗೆಮನೆ ನೆನಪಾಯಿತು.

ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಪಕ್ಕದ ಮನೆಯ ನಿಂಗಮ್ಮ ಅಮ್ಮನಿಂದ ಹೆಪ್ಪು ಕೇಳಿ ಒಯ್ದರು. ಬೆಳಿಗ್ಗೆ ನಮ್ಮ ಹಾಲು ಮೊಸರಾಗಿರಲಿಲ್ಲ. ಅಜ್ಜಿಯ ಅನುಮಾನ ನೇರವಾಗಿ ನಿಂಗಮ್ಮನ ಮೇಲೆ ಹೋಯಿತು.

"ದೀಪ ಅಚ್ಚಿದ್ ಮ್ಯಾಲೆ ಎಪ್ಪು ಇಸ್ಕೊಂಡೋದೆ. ನಿನ್ ಕಣ್ಣೇ ತಾಕಿರೋದು ಕಣಮ್ಮಿ!"

"ನಿಮ್ ಒಂದ್ ಕುಡ್ಕೆ ಆಲ್ಗೆ ಕಣ್ಣಾಕಕ್ಕೆ ನಮ್ಮನೇಲಿ ಎಮ್ಮೆ ಇಲ್ವೇನವ್ವ?" ಎಂದ ನಿಂಗಮ್ಮ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಆ ರಾತ್ರಿ ಕುದಿಯುವ ಹಾಲಿಗೇ ಅವಸರದಲ್ಲಿ ಹೆಪ್ಪು ಹಾಕಿದ್ದವನು ನಾನು. ಮೊಸರು ಮಾಡುವ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ಹಾಲಿನಲ್ಲಿ ಬೆಳೆಯುತ್ತವೆ, ಕುದಿಯುವ ಹಾಲಿನಲ್ಲಿ ಸಾಯುತ್ತವೆ ಎಂದು ಮುಂದೆ ಎಷ್ಟೋ ತರಗತಿಗಳಿಗೆ ತಪ್ಪಿಲ್ಲದೆ ಕಲಿಸಿದೆ. ನಿಂಗಮ್ಮನಿಗೆ ಮಾತ್ರ ಹೇಳಲಿಲ್ಲ.

ಇಂದಿಗೂ ಮಂಡ್ಯದ ಬಸ್ಸಿನಲ್ಲಿ ಸಿಕ್ಕರೆ ಅವರ ಮಗಳು ಮುಖ ತಿರುಗಿಸುತ್ತಾರೆ.