ಶಾಲಿಗೆ ಚುಚ್ಚಿದ ವಚನ

ಹೇಳಬೇಕು ಹೇಳಬೇಕು ಎಂದುಕೊಂಡೇ ಮೂರು ವರ್ಷ ತಳ್ಳಿದ್ದೇನೆ.

ಪುಣೆಯ ನಮ್ಮ ಕನ್ನಡ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಹಿರಿಯರಿಗೆ ಬೈಬಲ್ ತರಗತಿ ಇರುತ್ತದೆ. ಒಬ್ಬೊಬ್ಬರೂ ಎದ್ದುನಿಂತು ವಾರದ ವಚನವನ್ನು ಬಾಯಿಪಾಠ ಒಪ್ಪಿಸಬೇಕು. ನನಗೆ ಒಂದೂ ನೆನಪಿರುತ್ತಿರಲಿಲ್ಲ. ಅದಕ್ಕೇ ವಚನವನ್ನು ದಪ್ಪಕ್ಷರದಲ್ಲಿ ಚೀಟಿಗೆ ಬರೆದು, ಮುಂದೆ ಕೂರುವ ಹೆಂಗಸಿನ ಶಾಲಿಗೆ, ಕುತ್ತಿಗೆಯ ಕೆಳಗೆ, ಮೆಲ್ಲಗೆ ಪಿನ್ನು ಚುಚ್ಚಿ ಸಿಕ್ಕಿಸುತ್ತಿದ್ದೆ. ನೋಡಿ ಓದಿ, ಕೂತ ಮೇಲೆ ಕಿತ್ತುಕೊಳ್ಳುತ್ತಿದ್ದೆ.

ಸುಳ್ಳುಸಾಕ್ಷಿಯ ಪಾಠವಿದ್ದ ದಿನ ಕೀಳಲು ಮರೆತೆ. ಬಾಯಿಪಾಠದ ಬಹುಮಾನ ತೆಗೆದುಕೊಳ್ಳಲು ಆಕೆ ಎದ್ದು ಮುಂದೆ ಹೋದಾಗ ಚೀಟಿ ಎಲ್ಲರಿಗೂ ಕಂಡಿತು.

"ಏನ್ರೀ ಅಕ್ಕಾರ, ಬರಕೊಂಡ ಬಂದೀರಿ?" ಎಂದರು ಪಾಸ್ಟರು.

"ನನ್ನ ಬೆನ್ನ ಮ್ಯಾಲಿಂದು ನಾ ಹ್ಯಾಂಗ ಓದ್ಲಿರೀ? ಕಣ್ಣೇನ ಹಿಂದ ಅದಾವ?"

ಆದರೂ ಪಟ್ಟಿಯಿಂದ ಆಕೆಯ ಹೆಸರು ಹೊಡೆದುಹಾಕಿ, ಬಹುಮಾನದ ಗೋಡೆ ಗಡಿಯಾರವನ್ನು ನನಗೆ ಕೊಟ್ಟರು. ನಾನು ತೆಗೆದುಕೊಂಡೆ.

ಪಾಸ್ಟರು ಕಿತ್ತು ಕೈಗಿಟ್ಟ ಚೀಟಿಯನ್ನು ಆಕೆ ನೋಡಿದಳು, ನನ್ನನ್ನು ನೋಡಿದಳು, ಮಡಚಿ ತನ್ನ ಬೈಬಲಿನಲ್ಲಿ ಇಟ್ಟುಕೊಂಡಳು. ಮತ್ತೆಂದೂ ತರಗತಿಗೆ ಬರಲಿಲ್ಲ. ಆ ಅಕ್ಷರ ಆಕೆಗೆ ಗುರುತು ಸಿಗದೆ ಇರುತ್ತದೆಯೇ? ಚಿಕ್ಕಂದಿನಲ್ಲಿ ನನ್ನ ಕೈಹಿಡಿದು ತಿದ್ದಿಸಿದವಳೇ ಆಕೆ. ನಾನು ಇಂದಿಗೂ ಕ್ಷಮೆ ಕೇಳದಿರುವುದು ನನ್ನ ಒಡಹುಟ್ಟಿದ ಅಕ್ಕನನ್ನು.