ಭಾಗ್ಯ ಆರಿಸಿ ತಂದ ಟಿವಿ

ಹರಪನಹಳ್ಳಿಯಲ್ಲಿ ಬರೀ ಭಾಗ್ಯ ಎಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಕಿವುಡಿ ಭಾಗ್ಯ ಎನ್ನಬೇಕಿತ್ತು. ಹಾಗೆಂದರೆ ಐದು ವರ್ಷದ ಕೂಸೂ ಓಣಿಯ ಕೊನೆಯ ಹೊಲಿಗೆ ಮನೆಯತ್ತ ಬೆರಳು ತೋರಿಸುತ್ತಿತ್ತು. ಊರಿಗೆ ಇದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಹೇಗೂ ಅವಳಿಗೆ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯ. ಮೂರನೇ ಕ್ಲಾಸಿನಲ್ಲಿ ಬಂದ ಜ್ವರ ಅವಳ ಕಿವಿಯನ್ನಷ್ಟೇ ಒಯ್ದಿತ್ತು. ಮಾತು ಉಳಿದಿತ್ತು, ಓದು ಬರಹ ಉಳಿದಿತ್ತು, ಬುದ್ಧಿಯಂತೂ ಮನೆಮಂದಿಗೆಲ್ಲ ಹಂಚಿ ಮಿಗುವಷ್ಟಿತ್ತು. ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ದನಿ ಏರಿಳಿತವಿಲ್ಲದೆ ಒಂದೇ ಸಮ ಬರುತ್ತಿದ್ದರಿಂದ ಹೊರಗಿನವರ ಮುಂದೆ ಮಾತ್ರ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ.

ಅವಳ ಅಪ್ಪ ಗುರುಸಂಗಪ್ಪ ಮೆಕ್ಕೆಜೋಳದ ದಲಾಲಿ ಅಂಗಡಿಯೊಂದರಲ್ಲಿ ತೂಕ ಹಾಕುವವನು. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡದೆ ತುತ್ತು ಮುಟ್ಟುತ್ತಿರಲಿಲ್ಲ. ಒಂದು ಚಾಳಿ ಮಾತ್ರ ಇತ್ತು. ಹಿರಿಮಗಳಿಗೆ ತಿಳಿಯಬಾರದ ಮಾತೇನಾದರೂ ಇದ್ದರೆ ಅವಳಿಗೆ ಬೆನ್ನು ತಿರುಗಿಸಿ ನಿಂತು ಹೇಳುತ್ತಿದ್ದ. ಬೇರೆಯವರು ಕಿವಿಯಲ್ಲಿ ಪಿಸುಗುಟ್ಟುತ್ತಾರೆ, ಇವನಿಗೆ ಅಷ್ಟು ಕಷ್ಟವೂ ಬೇಕಿರಲಿಲ್ಲ. ಅಪ್ಪನ ಬೆನ್ನು ಕಂಡಿತೆಂದರೆ ಆ ಮಾತು ತನ್ನ ಬಗ್ಗೆಯೇ ಎಂದು ಭಾಗ್ಯಳಿಗೆ ಚಿಕ್ಕಂದಿನಿಂದಲೂ ಗೊತ್ತಿತ್ತು.

ಹದಿನಾರನೇ ವರ್ಷಕ್ಕೆ ಮಷಿನ್ ತುಳಿಯಲು ಕೂತವಳು ಇಪ್ಪತ್ತೆರಡಾಗುವಷ್ಟರಲ್ಲಿ ಕುಪ್ಪಸಕ್ಕೆ ಹೆಸರು ಮಾಡಿದ್ದಳು. ಅಳತೆಗೆ ಟೇಪು ಹಿಡಿಯುವುದೂ ಬೇಡ, ಕಣ್ಣಲ್ಲೇ ಅಳೆಯುತ್ತಾಳೆ ಎಂದು ಹೆಂಗಸರು ಹೊಗಳುತ್ತಿದ್ದರು. ಆದರೆ ತೊಂಬತ್ತಾರು ತೊಂಬತ್ತೇಳರ ಹೊತ್ತಿಗೆ ಊರಿಗೆ ಕೇಬಲ್ ಬಂದು ಹೊಲಿಗೆಯ ಲೆಕ್ಕವೇ ಬದಲಾಯಿತು. ಬಂದವರೆಲ್ಲ ನಿನ್ನೆ ಧಾರಾವಾಹಿಯಲ್ಲಿ ಸಣ್ಣ ಸೊಸೆ ತೊಟ್ಟಿದ್ದಳಲ್ಲ ಆ ತೋಳು, ಅತ್ತೆ ತೊಟ್ಟಿದ್ದಳಲ್ಲ ಆ ಕೊರಳು ಎನ್ನತೊಡಗಿದರು. ಭಾಗ್ಯ ಪಕ್ಕದ ಮನೆಯ ಹುಲುಗಮ್ಮನ ಹೊಸ್ತಿಲಲ್ಲಿ ಕೂತು ನೋಡಿ ಬಂದು ಹೊಲಿಯುತ್ತಿದ್ದಳು. ಪುಕ್ಕಟೆ ನೋಡಲು ಬಿಡುವಷ್ಟು ಧಾರಾಳಿಯಲ್ಲ ಹುಲುಗಮ್ಮ. ಧಾರಾವಾಹಿ ಮುಗಿಯುವುದರೊಳಗೆ ಒಂದು ಮೊರ ಶೇಂಗಾ ಸುಲಿಸಿಕೊಳ್ಳುತ್ತಿದ್ದಳು. ಅದಾದರೂ ಕಪ್ಪುಬಿಳುಪಿನ ಟಿವಿ. ಕೊರಳಿನ ಆಕಾರ ತಿಳಿಯುತ್ತಿತ್ತು, ಅಂಚಿನ ಬಣ್ಣ ತಿಳಿಯುತ್ತಿರಲಿಲ್ಲ.

ಒಮ್ಮೆ ಕೆಂಪು ಅಂಚು ಇರಬೇಕಾದಲ್ಲಿ ಅಂದಾಜಿನ ಮೇಲೆ ಹಸಿರು ಕೊಟ್ಟಳು. ಆ ಹೆಂಗಸು ಕುಪ್ಪಸವನ್ನು ಮಷಿನ್ ಮೇಲೆ ಬಿಸುಟು ಬಸ್‌ಸ್ಟ್ಯಾಂಡ್ ಹತ್ತಿರದ ಹೊಸ ಟೇಲರ್ ಅಂಗಡಿಗೆ ಹೋದಳು. ಅಲ್ಲಿ ಗಿರಾಕಿಗಳಿಗೆಂದೇ ಕಲರ್ ಟಿವಿ ಇಟ್ಟಿದ್ದರು. ಆ ತಿಂಗಳು ಅವಳ ಹಿಂದೆ ಇನ್ನೂ ಹತ್ತು ಮಂದಿ ಹೋದರು. ಬಣ್ಣದ ಟಿವಿ ಬರದಿದ್ದರೆ ತನ್ನ ಕೈಗೆ ಉಳಿಯುವುದು ಹರಕು ಹೊಲಿಯುವ ಕೆಲಸವೇ ಎಂಬುದು ಭಾಗ್ಯಳಿಗೆ ಅಂದೇ ಮನದಟ್ಟಾಯಿತು. ಎರಡು ವರ್ಷದಿಂದ ದಾರದ ಡಬ್ಬಿಯಲ್ಲಿ ಕೂಡಿಟ್ಟಿದ್ದು ಏಳು ಸಾವಿರ ಆಗಿತ್ತು. ಅಪ್ಪ ಅಮ್ಮನನ್ನು ಕರೆದುಕೊಂಡು ಟಿವಿ ಅಂಗಡಿಗೆ ಹೊರಟಳು.

ಅಂಗಡಿಯಲ್ಲಿ ಗುರುಸಂಗಪ್ಪನ ಕಣ್ಣು ಹೋದದ್ದು ಮರದ ಬಾಗಿಲಿದ್ದ ಇಪ್ಪತ್ತು ಇಂಚಿನ ಕಪ್ಪುಬಿಳುಪಿನ ಪೆಟ್ಟಿಗೆಯ ಮೇಲೆ. ಬೆಲೆ ನಾಲ್ಕು ಸಾವಿರ. ಮಾಲೀಕ ಸದ್ದು ಜೋರು ಮಾಡಿದ, ಇನ್ನೂ ಜೋರು ಮಾಡಿದ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಬಾಗಿಲು ಐತಿ, ಕೀಲಿ ಐತಿ, ಓಣಿ ತುಂಬ ಕೇಳತೈತಿ ಎಂದು ಅಪ್ಪ ಮಗಳ ಮುಂದೆ ಬಂದು ತುಟಿ ಅಗಲಿಸಿ ಹೇಳಿದ.

"ನನಗ ಬಣ್ಣ ಬೇಕಪ್ಪ. ಸದ್ದು ನೀನ ಇಟ್ಗೊ," ಎಂದಳು ಭಾಗ್ಯ. ಅಮ್ಮ ಅನ್ನದಾನಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು.

ಕಲರ್ ಟಿವಿಗಳ ಮುಂದೆ ಬಂದಾಗ ಭಾಗ್ಯ ಕೈಚೀಲದಿಂದ ಬಟ್ಟೆಯ ಚೂರುಗಳನ್ನು ತೆಗೆದಳು. ಕೆಂಪು, ಮರೂನ್, ರಾಣಿ ಬಣ್ಣ, ಅರಿಶಿನ, ನವಿಲಿನ ಕೊರಳಿನ ಹಸಿರು. ಒಂದೊಂದು ಟಿವಿಯ ಪಕ್ಕಕ್ಕೂ ಹಿಡಿದು, ಪರದೆಯ ಮೇಲಿನ ಸೀರೆಗಳ ಬಣ್ಣಕ್ಕೆ ಹೋಲಿಸಿ ನೋಡಿದಳು. ದಾವಣಗೆರೆಯಲ್ಲಿ ಜೋಡಿಸಿ ತಂದ ಅಗ್ಗದ ದೊಡ್ಡ ಪೆಟ್ಟಿಗೆಯಲ್ಲಿ ಕೆಂಪೂ ಮರೂನೂ ಒಂದೇ ಆಗಿ ಕಾಣುತ್ತಿದ್ದವು. ಇನ್ನೊಂದರಲ್ಲಿ ಹಸಿರೆಲ್ಲ ಬೇವಿನ ಎಲೆ. ಮೊದಲು ಇದೇನು ಹುಡುಗಾಟ ಎಂದು ನಗುತ್ತಿದ್ದ ಮಾಲೀಕ ಮೂರನೆಯ ಟಿವಿಗೆ ಬರುವಷ್ಟರಲ್ಲಿ ನಗು ನಿಲ್ಲಿಸಿ ತಾನೂ ಬಗ್ಗಿ ನೋಡತೊಡಗಿದ. ಮೂಲೆಯಲ್ಲಿದ್ದ ಹದಿನಾಲ್ಕು ಇಂಚಿನದೊಂದೇ ಐದೂ ಬಣ್ಣವನ್ನು ಇದ್ದ ಹಾಗೆ ತೋರಿಸಿತು. ಬೆಲೆ ಏಳು ಸಾವಿರದ ಆರುನೂರು ಎಂದ.

ಗುರುಸಂಗಪ್ಪ ಚೌಕಾಸಿಗೆ ಇಳಿದ. ಮಾಲೀಕ ಜಗ್ಗಲಿಲ್ಲ. ಆದರೆ ಅಂಗಡಿಯ ಆ ತುದಿಗೆ ಹೋಗಿ ಕೆಲಸದವನ ಹತ್ತಿರ ಮೆಲ್ಲಗೆ ಏನೋ ಹೇಳಿದ. ಭಾಗ್ಯ ಅಲ್ಲಿಂದಲೇ ಅವನ ಬಾಯಿ ನೋಡಿದಳು.

"ಸಾವ್ಕಾರ್ರು ಆರು ಸಾವಿರದ ಎಂಟುನೂರಕ್ಕ ಕೊಡಾಕ ಹೇಳ್ಯಾರಪ್ಪ," ಎಂದು ತನ್ನ ಸಪಾಟು ದನಿಯಲ್ಲಿ ಅಂಗಡಿಗೆಲ್ಲ ಕೇಳುವಂತೆ ಹೇಳಿದಳು.

ಮಾಲೀಕನ ಮುಖ ಇಂಗು ತಿಂದ ಮಂಗನಂತಾಯಿತು. ಅಷ್ಟಕ್ಕೇ ಕೊಟ್ಟ. ಗುರುಸಂಗಪ್ಪ ಇದನ್ನು ಎರಡು ದಿನ ದಲಾಲಿ ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿಕೊಂಡು ಮೆರೆದ. ನಮ್ಮ ಭಾಗ್ಯಾನ ಕಣ್ಣಿಗೆ ಕಿವಿ ಅದಾವ ಎಂದನಂತೆ. ಅವಳೂ ಆ ಎರಡು ದಿನ ಅಪ್ಪನ ತಟ್ಟೆಗೆ ತುಪ್ಪ ಹೆಚ್ಚಿಗೆ ಬಡಿಸಿದಳು. ಉಳಿದ ಹಣದಲ್ಲಿ ಮಖಮಲ್ಲು ತಂದು ಟಿವಿಗೊಂದು ಹೊದಿಕೆಯನ್ನೂ ಹೊಲಿದಿಟ್ಟಳು.

ಮನೆಗೆ ಟಿವಿ ತರಿಸಿದ್ದು ಸೋಮವಾರ ಬೆಳಿಗ್ಗೆ, ಶಿವನ ವಾರ ಒಳ್ಳೆಯದೆಂದು. ಆ ಕಡೆ ಯಾವ ಹೊಸ ಸಾಮಾನು ಬಂದರೂ ಪೂಜೆಯಾಗದೆ ಬಳಸುವುದಿಲ್ಲ. ಪಡಸಾಲೆಯ ನಡುವೆ ಮಣೆ ಹಾಕಿ, ಟಿವಿ ಇಟ್ಟು, ಭಾಗ್ಯ ತಾನೇ ಮೂರು ಬೆರಳಲ್ಲಿ ವಿಭೂತಿ ಎಳೆದಳು, ಅರಿಶಿನ ಕುಂಕುಮ ಇಟ್ಟಳು, ಸೇವಂತಿಗೆ ಮಾಲೆ ಹಾಕಿದಳು. ಕಾಯಿ ಒಡೆದರು. ಕೇಬಲ್ಲಿನವನು ಸಂಜೆ ಬಂದು ವೈರು ಎಳೆಯುತ್ತೇನೆ ಎಂದಿದ್ದ. ಅಲ್ಲಿಯವರೆಗೆ ಹಾಗೇ ಇರಲಿ ಎಂದು ಬಿಟ್ಟರು.

ಆ ಮನೆಯಲ್ಲಿ ಇನ್ನೊಂದು ಮಾತು ಅರ್ಧಕ್ಕೆ ನಿಂತಿತ್ತು. ಭಾಗ್ಯಳ ತಂಗಿ ಸುಮಲತಾಗೆ ಹಡಗಲಿಯ ಗಂಡು ಗೊತ್ತಾಗಿತ್ತು. ಅಕ್ಕನನ್ನು ದಾಟಿ ತಂಗಿಗೆ ಗಂಡು ಹುಡುಕಿದ್ದಕ್ಕೆ ಯಾರೂ ಹುಬ್ಬೇರಿಸಿರಲಿಲ್ಲ, ಭಾಗ್ಯಳನ್ನು ಕೇಳಿಯೂ ಇರಲಿಲ್ಲ. ಬಂಗಾರ, ಬಟ್ಟೆ, ಪಾತ್ರೆಯ ಮಾತು ಮುಗಿದು ಒಂದು ಟಿವಿಯ ಮೇಲೆ ಮಾತುಕತೆ ಸಿಕ್ಕಿಬಿದ್ದಿತ್ತು. ಅದೊಂದು ಮಾತ್ರ ನನ್ನಿಂದ ಆಗಾಂಗಿಲ್ಲ ಎಂದು ಗುರುಸಂಗಪ್ಪ ಕೈ ಮುಗಿದು ಬಂದಿದ್ದ. ಗುರುವಾರ ಬಂದು ಕಡೆಯ ಮಾತು ಹೇಳುತ್ತೇವೆ ಎಂದಿದ್ದರು ಬೀಗರು. ಆದರೆ ಸೋಮವಾರವೇ ಊರಲ್ಲಿ ಅವರ ಸಂಬಂಧಿಕರ ಮನೆಯ ಗೃಹಪ್ರವೇಶವಿತ್ತು. ಬಂದವರು ಹಾಗೇ ಇತ್ತ ಕಾಲು ಹಾಕಿದರು.

ಗಂಡಿನ ತಾಯಿ ಗುರುಬಸಮ್ಮ ಹೊಸ್ತಿಲು ದಾಟಿದವಳೇ ನಿಂತುಬಿಟ್ಟಳು. ಅಲ್ಲಿಯ ಪದ್ಧತಿ ಹಾಗೆ: ಮಗಳಿಗೆ ಕೊಟ್ಟು ಕಳಿಸುವ ಸಾಮಾನನ್ನು ಅರಿಶಿನ ಕುಂಕುಮ ಹಚ್ಚಿ ಪಡಸಾಲೆಯಲ್ಲಿ ಮಣೆಯ ಮೇಲೆ ಇಡುತ್ತಾರೆ. ಇಟ್ಟಿದ್ದನ್ನು ಬೀಗರು ಕಣ್ಣಾರೆ ನೋಡಿದರೆ ಮಾತು ಮುಗಿದ ಹಾಗೆ, ಮತ್ತೆ ಎತ್ತಿಡುವಂತಿಲ್ಲ. ಈ ಪದ್ಧತಿ ಗೊತ್ತಿದ್ದೂ, ಒಂದು ಬಟ್ಟೆ ಮುಚ್ಚಬೇಕೆಂದು ಆ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊಲಿದಿಟ್ಟ ಹೊದಿಕೆ ಒಳಗೆ ಗೂಟಕ್ಕೆ ತೂಗುತ್ತಿತ್ತು.

"ಬಾಯಾಗ ಆಗಾಂಗಿಲ್ಲ ಅಂದ್ರಿ, ಕೈಯಾಗ ಮಾಡಿ ತೋರ್ಸಿರಿ," ಎಂದಳು ಗುರುಬಸಮ್ಮ ಮುಖವರಳಿಸಿ. "ಇನ್ನ ನಮ್ದೇನೂ ತಕರಾರಿಲ್ಲ ಬೀಗರ. ದಿನ ಹಿಡೀರಿ."

ಭಾಗ್ಯ ಒಗ್ಗರಣೆ ಮಂಡಕ್ಕಿಯ ತಟ್ಟೆಗಳನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗುರುಬಸಮ್ಮನ ತುಟಿಯಿಂದ ಮಾತು ಹಿಡಿದು ಅಪ್ಪನ ತುಟಿಗೆ ಕಣ್ಣು ನೆಟ್ಟಳು. ಅದು ನಮ್ಮ ಹಿರಿಮಗಳದು, ಅವಳ ದುಡಿಮೆಯದು. ಇಷ್ಟು ಹೇಳಿದರೆ ಸಾಕಿತ್ತು. ಹೆಚ್ಚೆಂದರೆ ಬೀಗರು ಮುಖ ಸಣ್ಣ ಮಾಡುತ್ತಿದ್ದರು. ಸುಮಲತಾಳಾದರೂ ಹೇಳಬಹುದಿತ್ತು. ಅವಳು ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತಿದ್ದಳು, ಕೆನ್ನೆ ಮಾತ್ರ ಕೆಂಪಾಗಿತ್ತು. ಗುರುಸಂಗಪ್ಪ ಒಮ್ಮೆ ಟಿವಿ ನೋಡಿದ, ಒಮ್ಮೆ ಬೀಗರನ್ನು ನೋಡಿದ. ಭಾಗ್ಯಳ ಕಡೆ ನೋಡಲಿಲ್ಲ.

"ಆತ್ರಿ," ಎಂದ.

ಭಾಗ್ಯಳ ಕೈಯಲ್ಲಿದ್ದ ತಟ್ಟೆಗಳನ್ನು ಅಮ್ಮ ಇಸಿದುಕೊಂಡಳು. ಆ ಕುಂಕುಮವನ್ನು ನನ್ನ ಕೈಯಾರೆ ಇಟ್ಟೆನಲ್ಲ ಎಂದು ಹುಡುಗಿ ಬೆರಳಿಗೆ ಅಂಟಿದ್ದ ಕೆಂಪನ್ನು ಸೆರಗಿಗೆ ತಿಕ್ಕಿಕೊಂಡಳು.

ಬೀಗರು ಉಂಡು ಹೋದ ಮೇಲೆ ಅನ್ನದಾನಮ್ಮ ತಡೆಯಲಾರದೆ ಗಂಡನ ಎದುರು ನಿಂತಳು. ಅದು ಆಕಿ ಬೆವರು ಅಲ್ಲೇನ್ರಿ ಎಂದಳು. ಗುರುಸಂಗಪ್ಪ ಮಷಿನ್ ಹತ್ತಿರ ಕೂತಿದ್ದ ಮಗಳನ್ನು ಓರೆಗಣ್ಣಲ್ಲಿ ನೋಡಿ, ರೂಢಿಯಂತೆ ಬೆನ್ನು ತಿರುಗಿಸಿದ. ಆದರೆ ಗಿರಾಕಿಗಳು ತೊಟ್ಟು ನೋಡಲೆಂದು ಭಾಗ್ಯ ಅವನ ಎದುರಿನ ಗೋಡೆಗೆ ದೊಡ್ಡ ಕನ್ನಡಿ ತೂಗುಹಾಕಿ ನಾಲ್ಕು ತಿಂಗಳಾಗಿತ್ತು. ಗಂಡಸು, ಕನ್ನಡಿಯ ಮೇಲೆ ಅವನ ಗಮನವಿರಲಿಲ್ಲ. ಬೆನ್ನು ಮಗಳ ಕಡೆಗಿತ್ತು, ಮುಖವೆಲ್ಲ ಕನ್ನಡಿಯಲ್ಲಿತ್ತು.

"ಕಿವಿ ಕೇಳದಾಕಿಗೆ ಟಿವಿ ಯಾಕ ಬೇಕು? ಎರಡು ದಿನ ಅಳ್ತಾಳ, ಆಮ್ಯಾಲ ಮರೀತಾಳ. ಆಕಿಗೇನು ಮದಿವಿ ಐತಾ, ಮಕ್ಳು ಅದಾವಾ?"

ಇಷ್ಟು ಹೇಳಿ ಮಗಳ ಕಡೆ ತಿರುಗಿದ. ಮುಖದ ತುಂಬ ನಗು ತಂದುಕೊಂಡು, ಒಂದೊಂದೇ ಮಾತು ಬಿಡಿಸಿ, ಮುಂದಿನ ವರ್ಷ ನಿನಗೆ ಇದಕ್ಕಿಂತ ದೊಡ್ಡದು ತರುತ್ತೇನೆ ಎಂದ. ಭಾಗ್ಯ ತಲೆಯಾಡಿಸಿದಳು. ಸಂಜೆ ಬಂದ ಕೇಬಲ್ಲಿನವನನ್ನು ಬಾಗಿಲಿನಿಂದಲೇ ಕಳಿಸಿದರು. ಟಿವಿ ಮತ್ತೆ ರಟ್ಟಿನ ಪೆಟ್ಟಿಗೆ ಸೇರಿತು. ಆ ಮನೆಯಲ್ಲಿ ಅದು ಒಂದು ಸಲವೂ ಹತ್ತಲಿಲ್ಲ.

ತಂಗಿಯ ಮದುವೆಯ ಕುಪ್ಪಸಗಳನ್ನೆಲ್ಲ ಭಾಗ್ಯಳೇ ಹೊಲಿದಳು. ಎರಡು ದಿನ ಇರಲಿ, ಎರಡು ಗಳಿಗೆಯೂ ಯಾರ ಮುಂದೂ ಅಳಲಿಲ್ಲ. ಟೆಂಪೋಗೆ ಸಾಮಾನು ಏರಿಸುವಾಗ ಹೊದಿಕೆ ಕೇಳಿದರು, ಕೊಡಲಿಲ್ಲ. ಅದನ್ನು ಹರಿದು ಮಷಿನ್ನಿನ ಎಣ್ಣೆ ಒರೆಸಲು ಇಟ್ಟುಕೊಂಡಳು.

ದೊಡ್ಡ ಟಿವಿ ಬರಲಿಲ್ಲ. ಆ ವರ್ಷ ಮದುವೆಯ ಸಾಲ, ಮರುವರ್ಷ ಸುಮಲತಾಳ ಬಾಣಂತನ, ಆಮೇಲೆ ಕೇಳುವ ಮನಸ್ಸೂ ಭಾಗ್ಯಳಿಗೆ ಉಳಿಯಲಿಲ್ಲ. ಕುಪ್ಪಸದ ಗಿರಾಕಿಗಳು ಒಬ್ಬೊಬ್ಬರೇ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ, ಇವಳಿಗೆ ಲಂಗ, ಸೀರೆಯ ಫಾಲು, ಹಳೆ ಚಡ್ಡಿಯ ತೇಪೆ ಉಳಿದವು. ಕಣ್ಣಲ್ಲೇ ಅಳತೆ ತೆಗೆಯುತ್ತಿದ್ದವಳು ಶಾಲೆಯ ಸಮವಸ್ತ್ರವನ್ನು ಒಂದೇ ಅಳತೆಗೆ ರಾಶಿ ರಾಶಿ ಹೊಲಿದು ಹಾಕತೊಡಗಿದಳು. ಮೂರು ವರ್ಷದ ಮೇಲೆ ತೌರಿಗೆ ಬಂದ ಸುಮಲತಾ, ಆ ಸಣ್ಣ ಟಿವಿ ಮಾರಿ ದೊಡ್ಡದು ತಂದೆವು ಎಂದು ಮಾತಿನ ನಡುವೆ ಹೇಳಿದಳು. ಯಾರ ಟಿವಿ ಎಂಬುದೂ ಅವಳಿಗೆ ಮರೆತಿತ್ತು. ಅವಳ ಮೇಲೆ ಭಾಗ್ಯಳಿಗೆ ಬಂದ ಸಿಟ್ಟು ಸಣ್ಣದಲ್ಲ. ನುಂಗಿಕೊಂಡಳು.

ಅನ್ನದಾನಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ಎರಡು ಸಾವಿರದ ಏಳರ ಹೊತ್ತಿಗೆ ಗುರುಸಂಗಪ್ಪನ ಕಿವಿ ಪೂರಾ ಹೋಯಿತು. ರೈತರು ಒಂದು ತೂಕ ಹೇಳಿದರೆ ಇವನು ಇನ್ನೊಂದು ಕೂಗುತ್ತಿದ್ದ, ದಲಾಲಿ ಅಂಗಡಿಯವರು ನಾಳೆಯಿಂದ ಬರಬೇಡ ಎಂದರು. ದಿನವೆಲ್ಲ ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದ. ಬಂದವರು ಎರಡು ಮಾತು ಕೂಗಿ ಹೇಳಿ, ಸಾಕಾಗಿ ಎದ್ದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಭಾಗ್ಯ ಸಮವಸ್ತ್ರ ಹೊಲಿಯುತ್ತಿದ್ದಾಗ ಬಂದು ಅವಳ ಭುಜ ಮುಟ್ಟಿದ.

"ಹೊತ್ತು ಹೋಗವಲ್ದು ಭಾಗ್ಯಾ. ಒಂದು ಟಿವಿ ತಂದುಬಿಡು. ಕೇಳ್ಸದಿದ್ರ ಏನಾತು, ಬಣ್ಣನಾದ್ರೂ ನೋಡಿಕ್ಯಾಂತ ಕುಂದ್ರತೀನಿ."

ಭಾಗ್ಯ ಮಷಿನ್ ನಿಲ್ಲಿಸಿದಳು. ಸ್ಟೂಲು ತಿರುಗಿಸಿ ಅವನ ಎದುರಾಗಿ ಕೂತಳು. ಹತ್ತು ವರ್ಷದಿಂದ ಆ ಉತ್ತರ ಅವಳ ಹತ್ತಿರ ಸಿದ್ಧವಿತ್ತು. ಬೆನ್ನು ತಿರುಗಿಸಲಿಲ್ಲ. ಅವನಿಗೆ ತುಟಿ ಕಾಣುವಂತೆ ಮುಖ ಮುಂದೆ ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಕಿವಿ ಕೇಳದವ್ರಿಗೆ ಟಿವಿ ಯಾಕ ಬೇಕಪ್ಪ?"

ಗುರುಸಂಗಪ್ಪ ಅವಳ ಬಾಯಿಯನ್ನೇ ನೋಡಿದ. ಮಗಳ ತುಟಿ ಓದುವುದನ್ನು ಅವನು ಯಾವತ್ತೂ ಕಲಿತಿರಲಿಲ್ಲ, ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ಟಿವಿ ತರಲು ಒಪ್ಪಿದಳೆಂದೇ ತಿಳಿದನೋ ಏನೋ, ಬೊಚ್ಚುಬಾಯಿ ಬಿಟ್ಟು ನಕ್ಕು, ಕಿವಿಗೆ ಅಂಗೈ ಹಿಡಿದ.

"ಏನಂದಿ?" ಎಂದ.

ಅವಳು ಸ್ಟೂಲು ತಿರುಗಿಸಿಕೊಂಡು ಮಷಿನ್ ತುಳಿಯತೊಡಗಿದಳು.